ನೆಲ್ಲಿಸರವ್ವನ ಅಂಕಿ

ತುಂಬರಗಿಯಿಂದ ಬಂದ ಅಂಕಿ ಎಂಬತ್ತೊಂದು. ಧಾರವಾಡದ ಜನಾಭಿಪ್ರಾಯ ಅಧ್ಯಯನ ಕೇಂದ್ರದ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಅದು ಮೂಡಿದಾಗ ನೂರಜಹಾನ್ ತಾಳಿಕೋಟಿ ಚಹಾದ ಕಪ್ಪನ್ನು ತುಟಿಯ ಹತ್ತಿರವೇ ಹಿಡಿದು ನಿಂತುಬಿಟ್ಟಳು.

"ಮೇಡಂ, ಇದು ಯಂತ್ರದ ತಪ್ಪ ಇರಬೇಕ್ರಿ," ಎಂದಳು. "ಬೆಂಕಿ ಸುಡತದ ಅನ್ನೂದಕ್ಕ ತೊಂಬತ್ತೈದು ಬರತದ. ದೇವರಿಗೆ ಎಂಬತ್ತೊಂದು ಅಂದ್ರ ಹ್ಯಾಂಗ?"

ಇಂದುಮತಿ ಬೂದಿಹಾಳ ಕನ್ನಡಕ ಸರಿಮಾಡಿಕೊಂಡು ಪರದೆಯ ಕಡೆ ನೋಡಿದಳು. ಕೇಂದ್ರದಲ್ಲಿ ಧಾರ್ಮಿಕ ನಂಬಿಕೆಗಳ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಇಪ್ಪತ್ತೆಂಟು ವರ್ಷಗಳಿಂದ ಜನರ ಹೊಸ್ತಿಲ ಮುಂದೆ ಕೂತು, ನೀವು ಏನನ್ನು ನಂಬುತ್ತೀರಿ, ಎಷ್ಟು ನಂಬುತ್ತೀರಿ ಎಂದು ಕೇಳುತ್ತ ಬಂದವಳು. ಉತ್ತರ ಏನೇ ಬರಲಿ, ಕೇಳುವವಳ ಮುಖದಲ್ಲಿ ಏನೂ ಕಾಣಬಾರದು ಎಂಬುದು ಆ ಕೆಲಸದ ಮೊದಲ ಪಾಠ. ಆ ದಿನ ಆ ಅಭ್ಯಾಸವೇ ಅವಳನ್ನು ಕಾಪಾಡಿತು. ಏಕೆಂದರೆ ಅಂಕಿಯ ಕೆಳಗೆ ದೇವರ ಹೆಸರಿತ್ತು: ನೆಲ್ಲಿಸರವ್ವ.

ಅಂಥ ದೇವರು ಇಲ್ಲವೆಂದು ಜಗತ್ತಿನಲ್ಲಿ ಖಚಿತವಾಗಿ ಗೊತ್ತಿದ್ದವಳು ಅವಳೊಬ್ಬಳೇ.

ಅಂಕಿ ಬರುತ್ತಿದ್ದುದು ನೆಚ್ಚುಮಾಪಕದಿಂದ. ಅದು ಕಾಗದಪತ್ರದ ಹೆಸರು. ಜನ ಕರೆಯುತ್ತಿದ್ದುದು ತಲೆಪಟ್ಟಿ ಎಂದು. ಎರಡು ಬೆರಳಗಲದ ಬಟ್ಟೆಯ ಪಟ್ಟಿ, ಒಳಗೆ ಕೂದಲೆಳೆಯಂಥ ತಂತಿಗಳು. ಅದನ್ನು ಹಣೆಗೆ ಕಟ್ಟಿ ಒಂದು ವಾಕ್ಯ ಹೇಳುತ್ತಾರೆ, ಆಮೇಲೆ ಅದೇ ವಾಕ್ಯವನ್ನು ಅಲ್ಲಗಳೆದು ಹೇಳುತ್ತಾರೆ. ನಾವು ನಿಜವಾಗಿ ನಂಬಿದ್ದನ್ನು ಯಾರಾದರೂ ಇಲ್ಲವೆಂದರೆ, ಇನ್ನೊಂದು ಮೆಟ್ಟಿಲಿದೆಯೆಂದು ಕಾಲು ಚಾಚಿದವರ ಹಾಗೆ ಮಿದುಳು ಅರೆಕ್ಷಣ ಮುಗ್ಗರಿಸುತ್ತದೆ. ಆ ಮುಗ್ಗರಿಕೆಯ ಅಳತೆಯೇ ಅಂಕಿ. ಬಾಯಿ ಏನು ಹೇಳಿತು ಎಂಬುದು ಪಟ್ಟಿಗೆ ಬೇಕಿಲ್ಲ.

ಪಟ್ಟಿ ಬಂದು ಎಂಟು ವರ್ಷವಾಗಿತ್ತು. ದೇವರಿದ್ದಾನೆ ಎಂದು ನೂರರಲ್ಲಿ ತೊಂಬತ್ತೆರಡು ಜನ ಹೇಳುತ್ತಿದ್ದ ನಾಡಿನಲ್ಲಿ ಪಟ್ಟಿಯ ಸರಾಸರಿ ಮೂವತ್ತೆಂಟು. ಅರ್ಚಕರದು ಮೂವತ್ತೈದು. ದೇವರಿಲ್ಲ ಎಂಬುದರ ಮೇಲೆ ವಿಚಾರವಾದಿಗಳದು ಮೂವತ್ತೊಂದು. ಆ ವರದಿ ಹೊರಬಿದ್ದ ವಾರ ಇಬ್ಬರೂ ಕೇಂದ್ರದ ಮುಂದೆ ಧರಣಿಗೆ ಬಂದರು. ಬಿಸಿಲು ಜೋರಾದ ಮೇಲೆ ಒಂದೇ ಶಾಮಿಯಾನದ ಕೆಳಗೆ ಕೂತರು. ಆಮೇಲೆ ಎಲ್ಲದರಂತೆ ಇದಕ್ಕೂ ಜನ ಒಗ್ಗಿಕೊಂಡರು. ಇಂದುಮತಿಯ ಮೇಲಿನ ಮನೆಯ ಹುಡುಗಿಗೆ ಬಂದ ವರನ ಕಡೆಯವರು ಜಾತಕದ ಜೊತೆಗೆ ಅಂಕಿಯನ್ನೂ ಕೇಳಿದ್ದರು.

ಕೊನೆಗೆ ಶ್ರದ್ಧಾಸ್ಥಳ ಕಾಯ್ದೆ ಬಂತು. ಸಾರ್ವಜನಿಕ ಜಾಗದಲ್ಲಿರುವ ಗುಡಿ, ದರ್ಗಾ, ಶಿಲುಬೆ, ಕಟ್ಟೆ ಯಾವುದೇ ಆಗಲಿ, ಅದು ನಮ್ಮದು ಎನ್ನುವವರ ಅಂಕಿ ಐವತ್ತು ದಾಟಿದರೆ ಉಳಿಯುತ್ತದೆ. ರಾತ್ರೋರಾತ್ರಿ ಕಲ್ಲು ನೆಟ್ಟು ಜಾಗ ಹೊಡೆಯುವವರ ಹಾವಳಿ ತಪ್ಪಿಸಲು ಇನ್ನೊಂದು ಕಲಮನ್ನೂ ಸೇರಿಸಿದ್ದರು: ಮೂವತ್ತು ವರ್ಷಗಳ ಈಚೆಗೆ ಯಾರೋ ಕಟ್ಟಿದ ಹೆಸರೆಂದು ಗೊತ್ತಾದರೆ, ಅಂಕಿ ಎಷ್ಟೇ ಇರಲಿ, ಕಟ್ಟೆ ತೆಗೆಯಬೇಕು. ತುಂಬರಗಿಯ ಪುನರ್ವಸತಿ ಕಾಲೊನಿಯಲ್ಲಿ ನೀರಿನ ಟಾಕಿಗೆಂದು ಗುರುತು ಹಾಕಿದ ಜಾಗದಲ್ಲಿ ನೆಲ್ಲಿಸರವ್ವನ ಕಟ್ಟೆ ಇತ್ತು. ವಿಚಾರಣೆಗೆ ಒಂಬತ್ತು ದಿನ ಉಳಿದಿತ್ತು.

"ಮೂಲ ಹುಡುಕಲೇನ್ರಿ ಮೇಡಂ?" ಎಂದು ನೂರಜಹಾನ್ ಕೇಳಿದಳು. ಅವಳ ಕಣ್ಣು ಹೊಳೆಯುತ್ತಿತ್ತು.

"ಹುಡುಕು," ಎಂದಳು ಇಂದುಮತಿ.

*

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಗಂಡ ಗುರುನಾಥ ಮೆಂತ್ಯಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಈಗ ಅಡುಗೆಮನೆಯಲ್ಲೂ ಜೀರಿಗೆಯನ್ನು ಎಣಿಸಿ ಹಾಕುವನೇನೋ ಎನ್ನುವಷ್ಟು ಶಿಸ್ತು.

"ಮಾರಿ ಯಾಕ ಹಂಗ ಮಾಡಕೊಂಡೀ?"

"ಇಪ್ಪತ್ತೆಂಟು ವರ್ಷದ ಹಿಂದ ನಾ ಒಂದು ಹೆಸರು ಬರದಿದ್ದೆ. ಅದು ಇವತ್ತು ಎಂಬತ್ತೊಂದು ಅಂಕಿ ತಗೊಂಡು ಬಂದದ."

"ಪಾಸಾತಲ್ಲ, ಬಿಡು," ಎಂದ ಗುರುನಾಥ. ಹೆಂಡತಿ ನಗದಿದ್ದುದನ್ನು ನೋಡಿ ಒಲೆ ಆರಿಸಿ ಎದುರಿಗೆ ಬಂದು ಕೂತ.

ಅವಳು ಹೇಳಿದಳು. ಆಗ ಅವಳಿಗೆ ಇಪ್ಪತ್ನಾಲ್ಕು. ಕುಟುಂಬ ಸಮೀಕ್ಷೆಯಲ್ಲಿ ಗಣತಿದಾರಳಾಗಿ ಮೊದಲ ಕೆಲಸ. ತುಂಬರಗಿಯ ಕಾಲೊನಿಯಲ್ಲಿ, ಮುಳುಗಡೆಯಾದ ಊರಿನವರ ಸಾಲುಮನೆಗಳ ಹಿಂದೆ, ಹನ್ನೊಂದು ತಗಡಿನ ಮನೆಗಳಿದ್ದವು. ಅಣೆಕಟ್ಟಿನ ಕಲ್ಲು ಒಡೆಯಲು ಎಲ್ಲಿಂದಲೋ ಬಂದು, ಕೆಲಸ ಮುಗಿದ ಮೇಲೆ ಹೋಗಲು ಊರಿಲ್ಲದೆ ಉಳಿದವರು. ಕೈಯಲ್ಲಿದ್ದ ಟ್ಯಾಬಿನ ನಮೂನೆಯಲ್ಲಿ "ಮನೆದೇವರು" ಎಂಬ ಅಂಕಣವಿತ್ತು. ಕೇಳಿದರೆ ಆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೊತ್ತಿದ್ದ ಹಿರಿಯರು ಯಾವುದೋ ಕ್ವಾರಿಯಲ್ಲಿ, ಯಾವುದೋ ಜ್ವರದಲ್ಲಿ ತೀರಿಹೋಗಿದ್ದರು. "ಗೊತ್ತಿಲ್ರಿ," ಎಂದರು. ಟ್ಯಾಬು ಅದನ್ನು ಒಪ್ಪಲಿಲ್ಲ. ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಮೇಲ್ವಿಚಾರಕರಿಗೆ ಫೋನು ಮಾಡಿದಳು. "ಏನರ ಒಂದು ಹಾಕಿ ಮುಂದ ಹೋಗವಾ," ಎಂದರು ಅವರು.

"ಯಾವುದರ ಇದ್ದ ದೇವರ ಹೆಸರು ಹಾಕಬಹುದಿತ್ತಲ್ಲ?"

"ಹಾಕಿದ್ರ ಆ ದೇವರ ಲೆಕ್ಕದಾಗ ಹನ್ನೊಂದು ಮನಿ ಸುಳ್ಳೇ ಹೆಚ್ಚಾಗತಿತ್ತು. ಅದಕ್ಕ ಎಲ್ಲೂ ಇರದ ಹೆಸರು ಹಾಕಿದೆ, ಆಮೇಲೆ ಸೋಸಿ ತಗೀಲಿಕ್ಕೆ ಬರಲಿ ಅಂತ. ಒಬ್ಬಾಕಿ ಮಗು ನೆಲ್ಲಿಕಾಯಿ ತಿನ್ನಲಿಕ್ಕೆ ಹತ್ತಿತ್ತು. ಆಕಿ ಕೊರಳಾಗ ಮಣಿಸರ ಇತ್ತು. ಎರಡೂ ಕೂಡಿಸಿ ಬರದೆ. ನೆಲ್ಲಿಸರವ್ವ ಅಂತ ಬಂದಲ್ಲೆಲ್ಲಾ ಗೊತ್ತಿಲ್ಲ ಅಂತ ತಿಳಕೊಳ್ರಿ ಅಂತ ಆಫೀಸಿಗೆ ಚೀಟಿನೂ ಕೊಟ್ಟಿದ್ದೆ."

ಚೀಟಿ ಎಲ್ಲೋ ಕಳೆದುಹೋಯಿತು. ಹೆಸರು ಕಳೆಯಲಿಲ್ಲ. ಎರಡು ವರ್ಷದ ಮೇಲೆ ಸಮೀಕ್ಷೆಯ ಮಾಹಿತಿಯಿಂದ ಮನೆಮನೆಗೂ ಕುಟುಂಬ ಕಾರ್ಡು ಅಚ್ಚಾಯಿತು. ಹನ್ನೊಂದು ಕಾರ್ಡುಗಳ ಮೇಲೆ ಸರಕಾರದ ಮುದ್ರೆಯ ಪಕ್ಕದಲ್ಲಿ ಮನೆದೇವರು ನೆಲ್ಲಿಸರವ್ವ ಎಂದು ಅಚ್ಚಾಗಿ ಹೋಯಿತು. ಹೆಸರು ಕಾರ್ಡಿಗೂ ಹೋಗಿರಬೇಕೆಂದು ಅವಳಿಗೆ ಹೊಳೆದದ್ದು ಅಂದು ಬೆಳಿಗ್ಗೆ ಪರದೆ ನೋಡಿದಾಗಲೇ.

ಗುರುನಾಥ ಎದ್ದು ಎರಡು ತಾಟು ತಂದಿಟ್ಟ. "ಈಗ ನೀ ಸುಮ್ಮನಿದ್ರ?"

"ಮೂಲ ಸಿಗಲಿಲ್ಲ ಅಂತ ವರದಿ ಹೋಗತದ. ಕಟ್ಟೆ ಉಳೀತದ."

"ಮತ್ತ ಸುಮ್ಮನಿರು. ನಿನಗ ಯಾರೂ ಕೇಳಿಲ್ಲ."

"ನಾ ಬರದ ವರದಿಯೊಳಗ ನಾನs ಒಂದು ಸುಳ್ಳು ಇಟ್ರ, ಉಳಿದ ಅಂಕಿಗಳನ್ನ ನಾ ಹ್ಯಾಂಗ ನಂಬಲಿ?"

"ಹೇಳಿದ್ರ?"

"ಹೇಳಿದ್ರ ಕಟ್ಟೆ ಹೋಗತದ."

ಪಲ್ಯ ಆರುತ್ತಿತ್ತು. ಗುರುನಾಥ ರೊಟ್ಟಿ ಮುರಿದು ಅವಳ ತಾಟಿಗೆ ಹಾಕಿದ. "ಎರಡು ಉತ್ತರ ಬರೂ ಲೆಕ್ಕ ಇದು. ಎರಡೂ ತಪ್ಪು," ಎಂದ. ಸ್ವಲ್ಪ ತಡೆದು, "ಅವರು ಅಷ್ಟು ಯಾಕ ನಂಬಿದ್ರು ಅಂತ ನಿನಗ ಕುತೂಹಲ ಆಗವಲ್ದೇನು?" ಎಂದು ಕೇಳಿದ.

ಆಗುತ್ತಿತ್ತು. ಬೆಳಗಿನಿಂದ ಅವಳ ಎದೆಯಲ್ಲಿ ಕುಟುಕುತ್ತಿದ್ದುದು ಬರೀ ಅಂಜಿಕೆಯಲ್ಲ. ಸಾವಿರ ವರ್ಷದ ದೇವರುಗಳು ನಲವತ್ತು ದಾಟಲಾರದ ಕಡೆ, ಒಂದು ಮಧ್ಯಾಹ್ನ ಅವಸರದಲ್ಲಿ ಹುಟ್ಟಿದ ಹೆಸರು ಎಂಬತ್ತೊಂದಕ್ಕೆ ಏರಿದ್ದು ಹೇಗೆ?

*

ನಾಲ್ಕು ದಿನ ನೂರಜಹಾನ್ ಹುಡುಕಿದಳು. ಗ್ಯಾಸೆಟಿಯರು, ಶಾಸನಗಳು, ಜಾನಪದ ಸಂಗ್ರಹಗಳು, ದೇವಸ್ಥಾನಗಳ ಪಟ್ಟಿಗಳು, ಹಳೆಯ ಲಗ್ನಪತ್ರಿಕೆಗಳು, ಎಲ್ಲವನ್ನೂ ಕೇಂದ್ರದ ಯಂತ್ರಗಳು ಜರಡಿ ಹಿಡಿದವು.

"ಕಾರ್ಡಿಗಿಂತ ಹಿಂದ ಏನೇನೂ ಇಲ್ರಿ ಮೇಡಂ," ಎಂದಳು ಐದನೆಯ ದಿನ. "ಒಂದು ದಿನ ಇಲ್ಲ, ಮರುದಿನ ಹನ್ನೊಂದು ಮನಿಯಾಗ ಅದಾಳ. ನೀರಿಂದ ಎದ್ದು ಬಂದಾಕಿ ಗತೆ."

ಇಂದುಮತಿಗೆ ಅವಳ ಮುಖ ನೋಡಲಾಗಲಿಲ್ಲ. "ನಾ ಒಮ್ಮೆ ತುಂಬರಗಿಗೆ ಹೋಗಿ ಬರತೇನಿ," ಎಂದು ಪಟ್ಟಿಯ ಪೆಟ್ಟಿಗೆ ಎತ್ತಿಕೊಂಡಳು.

*

ತಗಡಿನ ಮನೆಗಳು ಈಗ ಕಲ್ಲಿನ ಮನೆಗಳಾಗಿದ್ದವು. ಕಲ್ಲು ಕೆಲಸದವರ ಮನೆಗಳು. ಕಲ್ಲಿನ ಸಂದಿಯಲ್ಲಿ ಚಾಕುವಿನ ಅಲಗೂ ಹೋಗದ ಹಾಗೆ ಕೂಡಿಸಿದ್ದರು. ಕಟ್ಟೆಯೂ ಹಾಗೆಯೇ. ಮೇಲೆ ಸೂರಿಲ್ಲ, ಸುತ್ತ ಗೋಡೆಯಿಲ್ಲ. ಮೊಳದುದ್ದದ ಕರಿಯ ಕಲ್ಲು, ಅದಕ್ಕೆ ಅರಿಷಿಣ, ಎರಡು ಹಸಿರು ಬಳೆ. ಕಟ್ಟೆಯ ಮುಂದೆ ಕಸ ಗುಡಿಸುತ್ತಿದ್ದ ಹೆಂಗಸು ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಳು. ಹುಲಿಗೆವ್ವ, ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತಳಾದವಳು. ಕಟ್ಟೆ ಉಳಿಸಬೇಕೆಂದು ಅರ್ಜಿಗೆ ಮೊದಲ ಹೆಬ್ಬೆಟ್ಟಲ್ಲ, ಮೊದಲ ಸಹಿ ಹಾಕಿದವಳು ಅವಳೇ.

"ಬರ್ರಿ ಅಕ್ಕಾರ. ಮತ್ತ ಪಟ್ಟಿ ತಂದೀರೇನು? ಹ್ವಾದ ವಾರ ನಿಮ್ಮ ಹುಡುಗ್ರು ಬಂದು ಎಲ್ಲಾರ ತಲಿ ಅಳದು ಹೋಗ್ಯಾರ. ನನ್ನ ತಲಿ ಸಣ್ಣಾಗೈತೇನು?"

"ಇನ್ನೊಂದೆರಡು ಮಾತು ಕೇಳೂದಿತ್ರಿ, ಹುಲಿಗೆವ್ವಾರ."

"ಕೇಳ್ರಿ. ಕುಂತು ಕೇಳ್ರಿ."

ಇಬ್ಬರೂ ಕಟ್ಟೆಯ ಅಂಚಿಗೆ ಕೂತರು. ಇಂದುಮತಿ ಪಟ್ಟಿ ಕಟ್ಟಿದಳು. ಹುಡುಗರು ಕೇಳಿದ್ದು ಒಂದೇ ವಾಕ್ಯ: ನೆಲ್ಲಿಸರವ್ವ ನಮ್ಮ ದೇವರು. ಅವಳು ಆ ವಾಕ್ಯವನ್ನು ಬಿಡಿಸಿಕೊಂಡು ಬಂದಿದ್ದಳು.

ನೆಲ್ಲಿಸರವ್ವ ಮಳೆ ತರುತ್ತಾಳೆ. ಹತ್ತೊಂಬತ್ತು.

ನೆಲ್ಲಿಸರವ್ವ ಬೇಡಿದ್ದು ಕೊಡುತ್ತಾಳೆ. ಹದಿನೇಳು.

ನೆಲ್ಲಿಸರವ್ವ ಇದ್ದಾಳೆ. ನಲವತ್ತನಾಲ್ಕು.

ನೆಲ್ಲಿಸರವ್ವ ನಮ್ಮವಳು. ತೊಂಬತ್ತಮೂರು.

ಇಂದುಮತಿ ಅಂಕಿಯನ್ನು ಎರಡು ಸಲ ನೋಡಿದಳು. ಪಟ್ಟಿ ಬಂದ ಎಂಟು ವರ್ಷದಲ್ಲಿ ದೇವರು ಇದ್ದಾನೆಯೇ, ಇದ್ದಾಳೆಯೇ ಎಂದು ಎಲ್ಲರಿಗೂ ಕೇಳಿದ್ದರು. ನಮ್ಮವಳೇ ಎಂದು ಬೇರೆಯಾಗಿ ಯಾರಿಗೂ ಕೇಳಿರಲಿಲ್ಲ. ದೇವಿ ಇರುವ ಬಗ್ಗೆ ಅರ್ಧ ಅನುಮಾನವಿದ್ದ ಹುಲಿಗೆವ್ವನಿಗೆ ಅವಳು ನಮ್ಮವಳೆಂಬುದು ಬೆಂಕಿ ಸುಡುವಷ್ಟೇ ಖಾತ್ರಿ.

"ಆಕಿ ನಿಮ್ಮಾಕಿ ಅಂತ ಹ್ಯಾಂಗ ಗೊತ್ತಾತ್ರಿ?"

"ಅಯ್ಯ, ಕಾರ್ಡಿನ್ಯಾಗ ಬಂತಲ್ರಿ." ಹುಲಿಗೆವ್ವ ಸೆರಗಿನಿಂದ ಕಲ್ಲಿನ ಮೇಲಿನ ಇರುವೆ ಝಾಡಿಸಿದಳು. "ಅದಕ್ಕಿಂತ ಮುಂಚೆ ನಮ್ಮ ಹಣೇಬರ ಕೇಳಬ್ಯಾಡ್ರಿ. ನನ್ನ ದೊಡ್ಡ ಮಗಳನ್ನ ನೋಡಾಕ ಬಂದಿದ್ರು. ಹುಡುಗಿ ಪಸಂದ ಬಿತ್ತು, ಎಲ್ಲಾ ಆತು. ಹುಡುಗನ ದೊಡ್ಡಪ್ಪ ಕೇಳಿದ, ನಿಮ್ಮ ಮನಿದೇವ್ರು ಯಾವುದು ಅಂತ. ನಮ್ಮ ಮನಿಯವ್ರು ನೆಲಾ ನೋಡಿದ್ರು. ಮನಿದೇವ್ರು ಇಲ್ಲದವ್ರು ಎಲ್ಲಿಯವರೋ ಏನೋ ಅಂದು ಎದ್ದು ಹ್ವಾದ್ರು. ಮುಂದಿಟ್ಟ ಚಾ ಸೈತ ಕುಡೀಲಿಲ್ಲ. ಎಂಟು ಕಪ್ಪು. ನಾನs ತಿರುಗಿ ಪಾತ್ರ್ಯಾಗ ಹೊಯ್ದೆ."

"ಆಮ್ಯಾಲೆ ಕಾರ್ಡು ಬಂತು."

"ಬಂತು. ಟಪಾಲಿನಾಂವ ಎಲ್ಲಾರ ಮುಂದ ಓದಿ ಹೇಳಿದ. ಸರಕಾರದವ್ರು ಎಲ್ಲಿಂದೋ ಹುಡುಕಿ ತಗದು ನಮ್ಮ ದೇವ್ರನ್ನ ನಮಗ ಕೊಟ್ಟಾರ ಅಂತ ನಮ್ಮ ಮಾವ ಅತ್ತು ಬಿಟ್ಟ. ಒಂದು ವರ್ಷ ಗುಡಿ ಹುಡುಕಿದಿವಿ. ಸಿಗಲಿಲ್ಲ. ಹೊಳ್ಯಾಗ ಮುಳುಗಿರಬೇಕು ಅಂತ ನಾವs ಕಲ್ಲ ಕಡದು ಇಟ್ಟಿವಿ. ಮುಂದ ಮೂರು ಲಗ್ನ ಮಾಡೀನ್ರಿ. ಯಾರು ಕೇಳಿದ್ರೂ ಹೇಳತಿದ್ವಿ, ನಾವು ನೆಲ್ಲಿಸರವ್ವನ ಒಕ್ಕಲು ಅಂತ. ತಲಿ ಎತ್ತಿ."

ಇಂದುಮತಿ ಕೈ ಚಾಚಿ ಅವಳ ಹಣೆಯಿಂದ ಪಟ್ಟಿ ಬಿಚ್ಚಿದಳು. ಇನ್ನು ಹೇಳಲಿರುವ ಮಾತಿಗೆ ಆ ಹೆಂಗಸಿನ ಮನಸ್ಸು ಮುಗ್ಗರಿಸುವುದನ್ನು ಅಳೆಯುವ ಹಕ್ಕು ತನಗಿಲ್ಲ ಎನ್ನಿಸಿತು. ಆಮೇಲೆ ಹೇಳಿದಳು. ಟ್ಯಾಬು, ಖಾಲಿ ಅಂಕಣ, ನೆಲ್ಲಿಕಾಯಿ, ಮಣಿಸರ. ಒಂದನ್ನೂ ಬಿಡಲಿಲ್ಲ. ಮಾತುಗಳನ್ನು ಆರಿಸಿ ಆಡುವ ಅವಳಿಗೆ ಆ ದಿನ ಆರಿಸಲು ಬೇರೆ ಮಾತುಗಳೇ ಇರಲಿಲ್ಲ.

ಹುಲಿಗೆವ್ವ ತನ್ನ ಕೊರಳು ಮುಟ್ಟಿ ನೋಡಿಕೊಂಡಳು. ದೂರದಲ್ಲಿ ಯಾರೋ ಕಲ್ಲಿಗೆ ಉಳಿ ಹಾಕುವ ಸದ್ದು ಕೇಳುತ್ತಿತ್ತು.

"ಸಣ್ಣ ಹುಡುಗಿ ಬಂದಿತ್ತು. ನೀಲಿ ಛತ್ರಿ ಹಿಡಕೊಂಡು. ನೀರು ಕೊಡ್ರಿ ಅಂತ ಕೇಳಿತ್ತು," ಎಂದಳು ಕೊನೆಗೆ. "ನೀವs ಏನು ಅದು?"

"ನಾನs."

"ನನ್ನ ಕೈಲೆ ನೀರ ಕುಡದು ನನ್ನ ಕೊರಳ ನೋಡಿ ಬರದ್ರಿ."

"ಹೌದ್ರಿ."

"ಬ್ಯಾರೆ ಯಾವುದರ ದೇವ್ರ ಹೆಸರ ಹಾಕೂದಲ್ಲ? ಎಷ್ಟ ಅದಾವು ನಾಡಾಗ."

"ಅದು ಸುಳ್ಳ ಬರದಂಗ ಆಗತಿತ್ರಿ."

ಹುಲಿಗೆವ್ವ ನಕ್ಕಳು, ಆ ನಗೆಯಲ್ಲಿ ನಗು ಇರಲಿಲ್ಲ. "ಅಂದ್ರ ನೀವು ಸುಳ್ಳ ಬರೀಬಾರದು ಅಂತ ನಮಗ ಒಬ್ಬಾಕಿನ್ನ ಮಾಡಿ ಕೊಟ್ರಿ. ಭಾಳ ಕಲ್ತವ್ರು ನೀವು." ಎದ್ದು ನಾಲ್ಕು ಹೆಜ್ಜೆ ಹೋದಳು, ತಿರುಗಿ ಬಂದಳು. "ಪಟ್ಟಿ ಹಚ್ರಿ."

"ಬ್ಯಾಡ್ರಿ, ಈಗ ಬ್ಯಾಡ."

"ನನ್ನ ತಲಿ ಐತಿ. ಹಚ್ರಿ ಅಂದ್ರ ಹಚ್ರಿ."

ಇಂದುಮತಿ ಹಚ್ಚಿದಳು. ನೆಲ್ಲಿಸರವ್ವ ಇದ್ದಾಳೆ ಎಂದಳು, ಇಲ್ಲ ಎಂದಳು. ಪೆಟ್ಟಿಗೆಯ ಸಣ್ಣ ಪರದೆಯಲ್ಲಿ ಐದು ಎಂದು ಮೂಡಿತು. ಹುಲಿಗೆವ್ವ ಬಗ್ಗಿ ತಾನೇ ಓದಿದಳು. ಇಂದುಮತಿ ನಮ್ಮವಳು ಎಂಬ ಎರಡನೆಯ ವಾಕ್ಯಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವಳು ಪಟ್ಟಿಯನ್ನು ಕಿತ್ತು ಇವಳ ಮಡಿಲಿಗೆ ಹಾಕಿದಳು.

"ಆ ಇನ್ನೊಂದು ಕೇಳಬ್ಯಾಡ್ರಿ. ಅದೂ ಇಳದು ಬಿಟ್ಟಿದ್ರ ನಾ ಮನಿಗೆ ಏನ ಅಂತ ಹೋಗ್ಲಿ?"

ಇಂದುಮತಿಯ ಇಡೀ ವೃತ್ತಿಜೀವನ ಆ ಒಂದು ಅಂಕಿಗಾಗಿ ಹಂಬಲಿಸಿತು. ಅವಳು ಪೆಟ್ಟಿಗೆ ಮುಚ್ಚಿದಳು.

"ವರದಿಯೊಳಗ ಇದನ್ನ ಬರೀತೀರಿ?" ಎಂದು ಹುಲಿಗೆವ್ವ ಕೇಳಿದಳು.

"ಬರೀಬೇಕಾಗತದ್ರಿ. ಮೊದಲ ನಿಮಗ ಹೇಳಬೇಕಂತ ಬಂದೆ."

"ಬರದ್ರ ಕಟ್ಟಿ ಹೋಗತೈತಿ."

"ಹೌದ್ರಿ. ನನಗ ಬ್ಯಾರೆ ದಾರಿ ಕಾಣವಲ್ದು."

"ಹಂಗಾರ ಹೋಗ್ರಿ. ವಿಚಾರಣಿಗೆ ನಾನೂ ಬರತೀನಿ," ಎಂದು ಹುಲಿಗೆವ್ವ ಪೊರಕೆ ಎತ್ತಿಕೊಂಡಳು. ಅರ್ಧ ಗುಡಿಸಿದ್ದನ್ನು ಹಾಗೆಯೇ ಬಿಡಲಿಲ್ಲ, ಉಳಿದರ್ಧವನ್ನೂ ಗುಡಿಸಿದಳು. ಇಂದುಮತಿ ಗಾಡಿ ಹತ್ತುವವರೆಗೂ ಅದನ್ನೇ ನೋಡುತ್ತಿದ್ದಳು. ಅಂಕಿ ಐದು, ಕೈಯಲ್ಲಿ ಪೊರಕೆ. ಇದನ್ನು ಯಾವ ಅಂಕಣದಲ್ಲಿ ಹಾಕುವುದು?

*

ವಿಚಾರಣೆ ಬಾಗಲಕೋಟೆಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಅಧಿಕಾರಿ ಪಡಸಲಗಿ ಎಂಬ ಹೆಸರಿನ ಎಳೆಯ ವಯಸ್ಸಿನವನು. ಕಡತವನ್ನು ಮೊದಲೇ ಓದಿಕೊಂಡು ಬಂದಿದ್ದ. ಒಂದು ಕಡೆ ಟಾಕಿ ಕಟ್ಟಿಸುವವರ ಪರವಾಗಿ ವಕೀಲರು, ಇನ್ನೊಂದು ಕಡೆ ಹನ್ನೊಂದು ಮನೆಗಳ ಜನ. ಪಟ್ಟಿಯ ಪೆಟ್ಟಿಗೆ ಹಿಡಿದು ನೂರಜಹಾನ್ ಕೂತಿದ್ದಳು. ಹಿಂದಿನ ದಿನ ಇಂದುಮತಿ ಅವಳಿಗೆ ವರದಿ ತೋರಿಸಿದಾಗ, "ನಾಲ್ಕು ದಿನ ನನ್ನ ಕಡೆಯಿಂದ ಗ್ಯಾಸೆಟಿಯರು ಓದಿಸಿದ್ರಲ್ರಿ ಮೇಡಂ," ಎಂದಷ್ಟೇ ಹೇಳಿದ್ದಳು. ಆಮೇಲೆ ಮಾತಾಡಿರಲಿಲ್ಲ.

ಇಂದುಮತಿ ಎದ್ದು ವರದಿ ಓದಿದಳು. ಅಂಕಿ ಎಂಬತ್ತೊಂದು. ಮೂಲ: ಇಪ್ಪತ್ತೆಂಟು ವರ್ಷಗಳ ಹಿಂದೆ ಗಣತಿದಾರಳಾಗಿದ್ದ ಇಂದುಮತಿ ಬೂದಿಹಾಳ ಕಟ್ಟಿದ ಹೆಸರು. ಸಭೆಯಲ್ಲಿ ಯಾರೋ ನಕ್ಕರು. ಹನ್ನೊಂದು ಮನೆಯವರ ಕಡೆಯಿಂದ ಸದ್ದೇ ಬರಲಿಲ್ಲ. ಹುಲಿಗೆವ್ವ ಅವರಿಗೆ ಮೊದಲೇ ಹೇಳಿರಬೇಕು.

ವಕೀಲರು ಎದ್ದರು. "ಇನ್ನ ನಾ ಹೇಳೂದೇನೂ ಉಳೀಲಿಲ್ರಿ ಸಾಹೇಬರ. ಮೂವತ್ತು ವರ್ಷದ ಒಳಗ ಕಟ್ಟಿದ ಹೆಸರು. ಕಟ್ಟಿದವರs ಒಪ್ಪಿಕೊಂಡಾರ."

"ನಿಮ್ಮ ಕಡೆಯವರು ಏನರ ಹೇಳೂದದ?" ಎಂದು ಅಧಿಕಾರಿ ಹನ್ನೊಂದು ಮನೆಯವರನ್ನು ಕೇಳಿದ.

ಹುಲಿಗೆವ್ವ ಎದ್ದು ನಿಂತಳು. "ನನಗ ಆ ಪಟ್ಟಿ ಹಚ್ರಿ," ಎಂದಳು.

ಅಧಿಕಾರಿ ತಲೆಯಾಡಿಸಿದ. ನೂರಜಹಾನ್ ಪಟ್ಟಿ ಕಟ್ಟಿ, ಯಾವ ವಾಕ್ಯ ಎಂದು ಕೇಳಿದಳು.

"ಹುಲಿಗೆವ್ವ ಜೂನ್ ಒಂದನೇ ತಾರೀಖಿಗೆ ಹುಟ್ಯಾಳ ಅಂತ ಕೇಳವಾ ನನಗ."

ನೂರಜಹಾನ್ ಅಧಿಕಾರಿಯ ಕಡೆ ನೋಡಿ, ಕೇಳಿದಳು. ಅಂಕಿ ಮೂರು.

"ಸಾಹೇಬರ, ನನ್ನ ಕಾರ್ಡಿನ್ಯಾಗ, ಸಾಲಿ ದಾಖಲೇದಾಗ, ನೌಕರಿ ಪುಸ್ತಕದಾಗ ನನ್ನ ಹುಟ್ಟಿದ ದಿನ ಜೂನ್ ಒಂದು. ಸಾಲಿಗೆ ಹೆಸರ ಹಚ್ಚಾಕ ಹೋದಾಗ ನಮ್ಮವ್ವಗ ಗೊತ್ತಿರಲಿಲ್ಲ, ಮಾಸ್ತರ ಬರದ. ನಮ್ಮ ಓಣ್ಯಾಗ ನನ್ನ ವಾರಿಗೆಯವ್ರೆಲ್ಲಾ ಜೂನ್ ಒಂದಕ್ಕs ಹುಟ್ಟೀವಿ. ಹೆತ್ತ ತಾಯಿಗೆ ಗೊತ್ತಿಲ್ಲದ್ದು ಮಾಸ್ತರಗ ಗೊತ್ತಿತ್ತು."

ಈ ಸಲ ನಕ್ಕವರು ಹೆಚ್ಚು. ಅವಳು ನಗಲಿಲ್ಲ.

"ಆ ತಾರೀಖಿನ ಮ್ಯಾಲೆ ನನಗ ನೌಕರಿ ಕೊಟ್ರಿ. ಆ ತಾರೀಖಿಗೆ ಅರವತ್ತು ತುಂಬಿತು ಅಂತ ಮನಿಗೆ ಕಳಿಸಿದ್ರಿ. ಕೈಕಾಲು ಗಟ್ಟಿ ಅದಾವ್ರಿ, ಇನ್ನ ನಾಕು ವರ್ಷ ಮಾಡತೀನಿ ಅಂದೆ. ದಾಖಲೆ ಅಂದ್ರ ದಾಖಲೆ ಅಂದ್ರಿ. ಈ ಅಕ್ಕಾರು ಬರದದ್ದೂ ಅದs ಕಾರ್ಡಿನ್ಯಾಗ, ಅದs ಮುದ್ರಿ ಕೆಳಗ ಐತಿ. ಜೂನ್ ಒಂದನ್ನ ನಾ ಒಂದು ದಿನಾನೂ ನಂಬಿಲ್ಲ. ನಿಮ್ಮ ಯಂತ್ರನs ಹೇಳತೈತಿ. ಆದ್ರ ನನ್ನ ವಯಸ್ಸನ್ನ ಕೆಡವಾಕ ಯಾರೂ ಬಂದಿಲ್ಲ. ಇಕಿನ್ನ ನಂಬೀವಿ, ಇಕಿನ್ನ ಕೆಡವಾಕ ಬಂದೀರಿ. ಇದು ಹ್ಯಾಂಗ್ರಿ?"

"ಅದು ಬೇರೆ ವಿಷಯ," ಎಂದರು ವಕೀಲರು.

"ಹ್ಯಾಂಗ ಬ್ಯಾರೆ ಅಂತನs ನಾ ಕೇಳಾಕತ್ತೀನ್ರಿ. ಟಾಕಿ ನಮಗೂ ಬೇಕು. ಹತ್ತು ಮಾರು ಮೂಡಲಕ್ಕ ಸರಿಸಿದ್ರ ಅಲ್ಲೂ ನೀರ ನಿಲ್ಲತಾವು."

ವಕೀಲರು ಕಾಯ್ದೆಯ ಪುಸ್ತಕದ ಹಾಳೆ ತಿರುವಿದರು. ಅಧಿಕಾರಿ ಪೆನ್ನು ಮುಚ್ಚಿ, ತೆರೆದು, ಮತ್ತೆ ಮುಚ್ಚಿದ. ಆಮೇಲೆ ಇಂದುಮತಿಯ ಕಡೆ ತಿರುಗಿದ.

"ಮೇಡಂ, ನಿಮ್ಮ ಅಭಿಪ್ರಾಯ ಏನು?"

ಅವಳು ವರದಿಯ ಹಾಳೆ ತೆಗೆದಳು. "ಹನ್ನೊಂದು ಮನಿ, ಅರವತ್ತೆರಡು ಜನ, ಅದರಾಗ..."

"ವರದಿ ಓದೀನ್ರಿ. ನಾ ಕೇಳಿದ್ದು ನಿಮ್ಮ ಅಭಿಪ್ರಾಯ."

ಇಂದುಮತಿ ಲಕ್ಷಗಟ್ಟಲೆ ಅಭಿಪ್ರಾಯಗಳನ್ನು ಬರೆದುಕೊಂಡಿದ್ದಳು. ಅವಳದನ್ನು ಯಾರೂ ಕೇಳಿರಲಿಲ್ಲ; ಕೇಳಿದ್ದರೂ ಹೇಳುವುದು ನಿಯಮಕ್ಕೆ ವಿರುದ್ಧವಾಗಿತ್ತು. ಮುಖದಲ್ಲಿ ಏನೋ ಕಾಣುತ್ತಿದೆ ಎಂದು ಅವಳಿಗೇ ಗೊತ್ತಾಯಿತು, ಅದನ್ನು ಅಳಿಸಲು ಹೋಗಲಿಲ್ಲ.

"ಆ ಕಲಮು ಜಾಗಾ ಹೊಡಿಯವರಿಗಾಗಿ ಮಾಡಿದ್ದು. ಇವರು ಹೆಸರು ಕಟ್ಟಲಿಲ್ಲ. ಗೊತ್ತಿಲ್ಲ ಅಂತ ನಿಜ ಹೇಳಿದ್ರು. ಆ ನಿಜಕ್ಕ ನಮ್ಮ ನಮೂನೆಯೊಳಗ ಜಾಗಾ ಇರಲಿಲ್ಲ. ತಪ್ಪು ನಂದು. ಅದಕ್ಕ ಆಗೂ ಶಿಕ್ಷೆ ನನಗ ಆಗಲಿ," ಎಂದಳು. ಒಂದು ಉಸಿರು ನಿಂತು, "ಕಟ್ಟೆ ಇರಬೇಕು," ಎಂದಳು.

ಬೆರಳಚ್ಚು ಮಾಡುತ್ತಿದ್ದವನು ತಲೆ ಎತ್ತಿದ. "ಇದನ್ನ ಅಂಕಿ ಅಂತ ಹಾಕಲೇನ್ರಿ ಸಾಹೇಬರ?"

"ಅಭಿಪ್ರಾಯ ಅಂತ ಹಾಕು," ಎಂದ ಅಧಿಕಾರಿ.

ಆದೇಶ ಅಲ್ಲೇ ಹೊರಬಿತ್ತು. ದಾಖಲೆಯ ಹೆಸರನ್ನು ಕೊಟ್ಟದ್ದು ಸರಕಾರವೇ ಆದ್ದರಿಂದ ಕಲಮು ಇಲ್ಲಿಗೆ ಅನ್ವಯಿಸುವುದಿಲ್ಲ. ಟಾಕಿಯನ್ನು ಮೂಡಲಕ್ಕೆ ಸರಿಸತಕ್ಕದ್ದು. ಗಣತಿದಾರರ ವರ್ತನೆಯ ಬಗ್ಗೆ ಕೇಂದ್ರ ತನ್ನ ನಿಯಮದಂತೆ ಕ್ರಮ ಕೈಗೊಳ್ಳತಕ್ಕದ್ದು. ಜೂನ್ ಒಂದರ ವಿಷಯ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.

ಜನ ಇಳಿದು ಹೋಗುತ್ತಿದ್ದರು. ನೂರಜಹಾನ್ ಪೆಟ್ಟಿಗೆ ಎತ್ತಿಕೊಂಡು ಇಂದುಮತಿಯ ಪಕ್ಕದಲ್ಲಿ ಹಾಯುವಾಗ, "ಚಾ ಕುಡಿಯೂಣ್ರಿ ಮೇಡಂ, ಆಮ್ಯಾಲೆ ಹೋಗೂಣು," ಎಂದು ಕ್ಯಾಂಟೀನಿನ ಕಡೆ ನಡೆದಳು. ಹೊರಗಿನ ಬೇವಿನ ಮರದ ನೆರಳಲ್ಲಿ ಹುಲಿಗೆವ್ವ ತನ್ನವರ ಗಾಡಿಗಾಗಿ ಕಾಯುತ್ತ ನಿಂತಿದ್ದಳು. ಇಂದುಮತಿ ಹತ್ತಿರ ಹೋದಳು.

"ಸಿಟ್ಟ ಇನ್ನೂ ಹೋಗಿಲ್ರಿ ನನಗ," ಎಂದಳು ಹುಲಿಗೆವ್ವ, ಅವಳ ಕಡೆ ನೋಡದೆ.

"ಹೋಗಬಾರದು ಬಿಡ್ರಿ."

ಇಂದುಮತಿಗೆ ತಡೆಯಲಾಗಲಿಲ್ಲ. ತಡೆಯಬೇಕಿತ್ತು ಎಂದು ಗೊತ್ತಿದ್ದೂ ಕೇಳಿದಳು.

"ಹುಲಿಗೆವ್ವಾರ, ಈಗ ಆಕಿ ಮುಂದ ನಿಂತಾಗ ನಿಮಗ ಏನ ಅನಸ್ತದ್ರಿ?"

ಹುಲಿಗೆವ್ವ ತಿರುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಇಂದುಮತಿಯ ಬಲಗೈಯಲ್ಲಿ ಆಗಲೇ ಪೆನ್ನು ಬಂದಿತ್ತು. ಅದು ಯಾವಾಗ ಬಂತೆಂದು ಅವಳಿಗೇ ತಿಳಿದಿರಲಿಲ್ಲ.

"ಬರಕೊಳ್ಳಾಂಗಿಲ್ಲ ಅಂದ್ರ ಹೇಳತೀನಿ."

ಇಂದುಮತಿ ಪೆನ್ನನ್ನು ಚೀಲಕ್ಕೆ ಹಾಕಿ, ಚೀಲವನ್ನು ಬೇವಿನ ಬುಡಕ್ಕಿಟ್ಟು, ಎರಡೂ ಕೈ ಖಾಲಿ ಮಾಡಿಕೊಂಡು ಅವಳ ಹತ್ತಿರಕ್ಕೆ ಸರಿದಳು. ಹುಲಿಗೆವ್ವ ಮೆಲುದನಿಯಲ್ಲಿ ಹೇಳತೊಡಗಿದಳು.